ದಿಂಡಿಗಲ್ಲಿನ ಡಾಕ್ಟರಮ್ಮ, ಕಂಬಂ ಕಣಿವೆಯ ಹೆಣ್ಣುಮಕ್ಕಳು

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಪೇಟೆಯಲ್ಲಿ ಒಂದು ಮಹಿಳಾ ಕಾಲೇಜಿದೆ. ಹೆಸರು ಶ್ರೀ ಆದಿಚುಂಚನಗಿರಿ ಮಹಿಳಾ ಕಾಲೇಜು. ನಾಗಮಂಗಲ ತಾಲ್ಲೂಕಿನ ಬೆಟ್ಟದ ಮೇಲಿರುವ ಮಠದ ಹೆಸರು ಕೇರಳದ ಗಡಿಗೆ ಆತುಕೊಂಡಿರುವ ಈ ಊರಿಗೆ ಹೇಗೆ ಬಂತು ಎಂದು ಮೊದಲ ಸಲ ಬೋರ್ಡು ಓದಿದ ಕನ್ನಡಿಗರು ಬೆರಗಾಗುತ್ತಾರೆ. ಸುತ್ತಲಿನ ಕೆಲವು ಮನೆಗಳ ಮಾತು ಕಿವಿಗೆ ಬಿದ್ದರೆ ಆ ಬೆರಗು ಇಳಿಯುತ್ತದೆ. ಕಂಬಂ, ಬೋಡಿನಾಯಕನೂರು, ಕೊಂಬೈ ಕಡೆಯ ಒಕ್ಕಲಿಗರು ತಲೆತಲಾಂತರದಿಂದ ಕನ್ನಡ ಮನೆಮಾತಿನವರು. ತಮಿಳರು ಅವರನ್ನು ಕಾಪ್ಪಿಲಿಯರ್ ಎನ್ನುತ್ತಾರೆ. ಇವರ ಹಾಗೆಯೇ ಅನುಪ್ಪರ್ ಎಂಬ ಇನ್ನೊಂದು ಕನ್ನಡ ಬೇಸಾಯಗಾರ ಸಮುದಾಯವೂ ಈ ಸೀಮೆಯಲ್ಲಿದೆ. ಒಲೆಯ ಮುಂದೆ ಕನ್ನಡ, ಸಂತೆಯಲ್ಲಿ ತಮಿಳು. ಬರೆಯುವುದು, ಓದುವುದು ಎಲ್ಲ ತಮಿಳಿನಲ್ಲೇ.

1909ರಲ್ಲಿ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದ ಎಡ್ಗರ್ ಥರ್ಸ್ಟನ್ ಈ ಜನರನ್ನು ಕುರಿತು ಬರೆಯುವಾಗ ಅವರ ದನಗಳ ಮೇಲೆ ಮನಸೋತಿದ್ದ. ಕಂಬಂನಲ್ಲಿ ಅವರದೊಂದು ದೇವರ ಹಿಂಡು ಇತ್ತು, ಇಂದಿಗೂ ಅದರ ದೊಡ್ಡಿ ಗುಡಿಯಾಗಿ ಪೂಜೆಗೊಳ್ಳುತ್ತಿದೆ. ಹಿಂಡಿನ ರಾಜ ಸತ್ತರೆ ಹೊಸ ಹೋರಿಯನ್ನು ಆರಿಸುವ ಕ್ರಮವಿದೆ: ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ, ಯಾವ ಹೋರಿ ಮೊದಲು ಬಂದು ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಥರ್ಸ್ಟನ್ನನ ಪುಟಗಳಲ್ಲಿ ಆ ಹೋರಿಗೆ ಸಿಕ್ಕಷ್ಟು ಜಾಗ ಅದೇ ಮನೆಗಳ ಹೆಣ್ಣುಮಕ್ಕಳ ಓದಿಗೆ ಸಿಕ್ಕಿಲ್ಲ. ಅವನನ್ನು ದೂರಿ ಪ್ರಯೋಜನವಿಲ್ಲ, ಆ ಕಾಲದಲ್ಲಿ ಬರೆಯುವಷ್ಟು ಓದು ಇರಲೂ ಇಲ್ಲ.

ಈಗ ತೇನಿ ಮತ್ತು ಪಕ್ಕದ ದಿಂಡಿಗಲ್ ಜಿಲ್ಲೆಗಳ ಮಹಿಳಾ ಕಾಲೇಜುಗಳಲ್ಲಿ ಶಿಕ್ಷಣ ಮತ್ತು ಮಹಿಳಾ ನಾಯಕತ್ವ ಎಂಬ ತಲೆಬರಹದಲ್ಲಿ ವಿಚಾರ ಸಂಕಿರಣಗಳು ನಡೆಯುತ್ತವೆ. ಆಹ್ವಾನ ಪತ್ರಿಕೆ ನಮ್ಮಲ್ಲಿರುವಂಥದ್ದೇ. ಉದ್ಘಾಟಕರು, ಮುಖ್ಯ ಅತಿಥಿ, ಸಂಪನ್ಮೂಲ ವ್ಯಕ್ತಿಗಳು, ಕಮ್ಮಟ ನಡೆಸಿಕೊಡುವವರು, ಕೊನೆಯಲ್ಲಿ ವಂದನಾರ್ಪಣೆ. ಶಾಲು, ನೆನಪಿನ ಕಾಣಿಕೆ, ಗ್ರೂಪ್ ಫೋಟೊ. ಮೈಕಿನ ಮುಂದೆ ನಿಂತ ಪ್ರಾಂಶುಪಾಲೆ, ಪ್ರಾಧ್ಯಾಪಕಿ, ಅಧಿಕಾರಿಣಿ ಎಲ್ಲಿಂದ ಬಂದರು ಎಂದು ಹಿಂದಕ್ಕೆ ಹುಡುಕಿಕೊಂಡು ಹೋದರೆ ದಾರಿ ಇನ್ನೊಂದು ವೇದಿಕೆಗೆ ಹೋಗುವುದಿಲ್ಲ. ಹಾಸ್ಟೆಲುಗಳಿಗೆ, ತರಬೇತಿ ಶಿಬಿರಗಳಿಗೆ, ಹೆರಿಗೆ ಕೋಣೆಗಳಿಗೆ ಹೋಗುತ್ತದೆ. ದಿಂಡಿಗಲ್ ಸೀಮೆಯ ಮಟ್ಟಿಗಂತೂ ಹೆಣ್ಣಿನ ನಾಯಕತ್ವ ಭಾಷಣದಿಂದ ಬೆಳೆದದ್ದು ಕಡಿಮೆ. ಒಂದೇ ಸೂರಿನಡಿ ಉಂಡು, ಮಲಗಿ, ಕಲಿತ ಹುಡುಗಿಯರಿಂದ ಬೆಳೆದದ್ದೇ ಹೆಚ್ಚು.

ಹಾಗೆಂದು ವೇದಿಕೆಗಳು ಇರಲಿಲ್ಲವೆಂದಲ್ಲ. ಹೆಣ್ಣುಮಕ್ಕಳ ಶಿಕ್ಷಣಕ್ಕೆಂದೇ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಅಧಿವೇಶನ 1927ರ ಜನವರಿಯಲ್ಲಿ ಪುಣೆಯಲ್ಲಿ ನಡೆಯಿತು. ಅದಕ್ಕೆ ಕಾರಣ ಬಂಗಾಳದ ಶಿಕ್ಷಣಾಧಿಕಾರಿಯೊಬ್ಬರ ಮಾತು. ಹೆಣ್ಣುಮಕ್ಕಳಿಗೆ ಎಂಥ ಶಿಕ್ಷಣ ಬೇಕು ಎಂದು ಹೆಂಗಸರೇ ಒಂದೇ ದನಿಯಲ್ಲಿ ಹೇಳಲಿ ಎಂದು ಕಲ್ಕತ್ತೆಯ ಬೆಥೂನ್ ಕಾಲೇಜಿನಲ್ಲಿ ಅವರು ಹೇಳಿದ್ದರು. ಆ ಮಾತನ್ನು ಹಿಡಿದುಕೊಂಡು ಊರೂರಿಗೆ ಪತ್ರ ಬರೆದವರು ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್. ಅವರು ಮದರಾಸಿಗಷ್ಟೇ ಸೇರಿದವರಲ್ಲ, ನಮಗೂ ಬೇಕಾದವರು: 1919–20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಗೆ ಮೊದಲ ಮುಖ್ಯಸ್ಥೆಯಾಗಿದ್ದರು. ಸಮ್ಮೇಳನದ ಸಂಘಟನೆಯ ಹೊಣೆ ಹೊತ್ತು ದೇಶ ಸುತ್ತಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಮಂಗಳೂರಿನವರೇ. ಅಧ್ಯಕ್ಷತೆ ವಹಿಸಿದ್ದು ಬರೋಡದ ಮಹಾರಾಣಿ ಚಿಮ್ನಾಬಾಯಿ. ಮಹಾರಾಣಿಯರು, ದಿವಾನರ ಪತ್ನಿಯರು, ವಕೀಲರ ಮನೆಯ ಹೆಣ್ಣುಮಕ್ಕಳು ಕೂಡಿದ್ದ ಸಭೆ ಅದು. ಅಲ್ಲಿ ಆದ ಠರಾವುಗಳು ಒಳ್ಳೆಯವೇ. ಆದರೆ ಅವು ಪಶ್ಚಿಮಘಟ್ಟದ ಬುಡದ ಹಳ್ಳಿಗಳನ್ನು ತಲುಪಲು ಬೇರೆ ಗಾಡಿ ಬೇಕಿತ್ತು.

ಎರಡು ವರ್ಷ ಕಳೆದು 1929ರ ಫೆಬ್ರವರಿಯಲ್ಲಿ ಚೆಂಗಲ್ಪಟ್ಟಿನಲ್ಲಿ ಇನ್ನೊಂದು ಸಭೆ ನಡೆಯಿತು. ಪೆರಿಯಾರರ ಆತ್ಮಗೌರವ ಚಳವಳಿಯ ಮೊದಲ ಪ್ರಾಂತೀಯ ಸಮ್ಮೇಳನ. ಅದರ ಅಧ್ಯಕ್ಷರು ದಿಂಡಿಗಲ್ ಕಡೆಯ ಪಟ್ಟಿವೀರನ್‌ಪಟ್ಟಿಯ ಡಬ್ಲ್ಯು.ಪಿ.ಎ. ಸೌಂದರಪಾಂಡಿಯನ್. ಹೆಣ್ಣಿಗೆ ಗಂಡಿನಷ್ಟೇ ಆಸ್ತಿಹಕ್ಕು ಬೇಕು, ಪ್ರಾಥಮಿಕ ಶಾಲೆಗಳಿಗೆ ಹೆಂಗಸರನ್ನೇ ಉಪಾಧ್ಯಾಯಿನಿಯರಾಗಿ ನೇಮಿಸಬೇಕು ಎಂಬ ನಿರ್ಣಯಗಳು ಅಲ್ಲಿ ಅಂಗೀಕಾರವಾದವು. ಆಸ್ತಿಹಕ್ಕಿನ ಮಾತು ತಮಿಳುನಾಡಿನಲ್ಲಿ ಕಾನೂನಾಗಲು 1989ರವರೆಗೆ, ಅಂದರೆ ಅರವತ್ತು ವರ್ಷ, ಕಾಯಬೇಕಾಯಿತು. ಉಪಾಧ್ಯಾಯಿನಿಯರ ವಿಷಯದಲ್ಲಿ ತೊಡಕು ಬೇರೆ ಥರದ್ದು. ನೇಮಿಸೋಣ ಎಂದರೆ ಓದಿದ ಹೆಂಗಸರು ಎಲ್ಲಿದ್ದರು? ಶಾಲೆ ನಡೆಸಲು ಉಪಾಧ್ಯಾಯಿನಿ ಬೇಕು, ಉಪಾಧ್ಯಾಯಿನಿ ಸಿಗಬೇಕಾದರೆ ಮೊದಲು ಶಾಲೆ ಇರಬೇಕು.

ಆಗ ತೇನಿಯೂ ದಿಂಡಿಗಲ್ಲೂ ಮಧುರೈ ಜಿಲ್ಲೆಯೊಳಗಿದ್ದವು. 1895ರಲ್ಲಿ ಎಂಜಿನಿಯರ್ ಪೆನ್ನಿಕ್ವಿಕ್ ಕಟ್ಟಿಸಿದ ಮುಲ್ಲಪೆರಿಯಾರ್ ಅಣೆಕಟ್ಟಿನಿಂದ ಮಲೆಯಾಚೆಯ ನೀರು ಸುರಂಗದಲ್ಲಿ ಹರಿದು ಕಂಬಂ ಕಣಿವೆಗೆ ಬಂತು. ಗದ್ದೆ ಹೆಚ್ಚಿತು, ಜತೆಗೆ ನಾಟಿ, ಕಳೆ, ಕೊಯ್ಲಿಗೆ ಬೇಕಾದ ಹೆಣ್ಣಾಳುಗಳ ಕೆಲಸವೂ ಹೆಚ್ಚಿತು. ಮೇಲೆ ಮಲೆಯಲ್ಲಿ ಏಲಕ್ಕಿ, ಚಹಾ ತೋಟಗಳು. 1830ರ ದಶಕದಿಂದ ಇದ್ದ ಅಮೆರಿಕನ್ ಮಧುರೈ ಮಿಷನ್ ದಿಂಡಿಗಲ್ ಮೊದಲಾದ ಕಡೆ ಶಾಲೆಗಳನ್ನು ತೆರೆದಿತ್ತು. ಆದರೆ ಜಾತಿ ಕೆಡುತ್ತದೆ, ಮತ ಕೆಡುತ್ತದೆ ಎಂಬ ಅಂಜಿಕೆ ಇದ್ದ ಮನೆಗಳಿಗೆ ಆ ಬಾಗಿಲು ದೂರವೇ ಉಳಿಯಿತು. ಅದೇ ಮಿಷನ್ನಿನವರು ಬೇಸಿಗೆಗೆಂದು ಹತ್ತಿದ ಕೊಡೈಕನಾಲಿನಲ್ಲಿ 1901ರಲ್ಲಿ ಒಂದು ಶಾಲೆ ಶುರುವಾಯಿತು. ಅದರ ಮೊದಲ ಮುಖ್ಯಸ್ಥೆ ಮಾರ್ಗರೆಟ್ ಎಡ್ಡಿ, ಮಗನನ್ನು ನೋಡಿ ಹೋಗಲು ಅಮೆರಿಕದಿಂದ ಬಂದ ತಾಯಿ. ಈ ಸೀಮೆಯ ಬೆಟ್ಟದ ಮೇಲೆ ಹೆಂಗಸೊಬ್ಬರು ಶಾಲೆ ನಡೆಸಿದ ಆರಂಭದ ಉದಾಹರಣೆಗಳಲ್ಲಿ ಇದೂ ಒಂದು. ಆದರೆ ಓದುತ್ತಿದ್ದವರು ಮಿಷನರಿಗಳ ಮಕ್ಕಳು.

ಈ ಚಿತ್ರವನ್ನು ಬದಲಿಸಿದವರು ಟಿ.ಎಸ್. ಸೌಂದರಂ. ಟಿವಿಎಸ್ ಎಂಬ ಮೂರಕ್ಷರದಿಂದ ಭಾರತಕ್ಕೆಲ್ಲ ಗೊತ್ತಿರುವ ಮಧುರೈನ ಬಸ್ಸು ಸಾಹುಕಾರ ಟಿ.ವಿ. ಸುಂದರಂ ಅಯ್ಯಂಗಾರರ ಮಗಳು. ಆ ಕಾಲದ ರೂಢಿಯಂತೆ ಎಳೆಯ ವಯಸ್ಸಿನಲ್ಲೇ ಮದುವೆಯಾಯಿತು. ಗಂಡ ಸೌಂದರರಾಜನ್ ವೈದ್ಯರು. ಪ್ಲೇಗಿನ ರೋಗಿಗಳಿಗೆ ಚಿಕಿತ್ಸೆ ಕೊಡುತ್ತಾ ಆ ಕಾಯಿಲೆಗೇ ಬಲಿಯಾದರು. ಶ್ರೀವೈಷ್ಣವ ಮನೆತನದ ವಿಧವೆಗೆ ಆಗ ಕಾದಿರುತ್ತಿದ್ದ ಬಾಳು ಎಂಥದ್ದು ಎಂದು ಬಿಡಿಸಿ ಹೇಳಬೇಕಿಲ್ಲ. ಅಪ್ಪ-ಅಮ್ಮ ಆ ದಾರಿಗೆ ಮಗಳನ್ನು ತಳ್ಳಲಿಲ್ಲ, ಓದಲು ಕಳಿಸಿದರು. ದೆಹಲಿಯ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜಿನಲ್ಲಿ ಓದಿ, ವಯಸ್ಸು ಮೂವತ್ತು ದಾಟಿದ ಮೇಲೆ 1936ರಲ್ಲಿ ಅವರು ಎಂ.ಬಿ.ಬಿ.ಎಸ್. ಮುಗಿಸಿದರು.

ಲೇಡಿ ಹಾರ್ಡಿಂಜ್ ಕೂಡ ಹೆಣ್ಣುಮಕ್ಕಳಿಗೆಂದೇ 1916ರಲ್ಲಿ ತೆರೆದ ಕಾಲೇಜು. ಹಾಸ್ಟೆಲ್ ವಾಸ. ಅಲ್ಲಿ ಸಿಕ್ಕ ಗೆಳತಿ ಸುಶೀಲಾ ನಯ್ಯರ್, ಮುಂದೆ ಗಾಂಧೀಜಿಯ ವೈದ್ಯೆ. ಆ ಗೆಳೆತನದಿಂದ ಗಾಂಧೀಜಿಯ ಪರಿಚಯ, ಹರಿಜನ ಸೇವೆಯಲ್ಲಿ ತೊಡಗಿದ್ದ ತಿರುವಾಂಕೂರಿನ ಜಿ. ರಾಮಚಂದ್ರನ್ ಅವರ ಪರಿಚಯ. ಮಲಯಾಳಿ ಯುವಕ, ಬೇರೆ ಜಾತಿ, ಈಕೆ ವಿಧವೆ. ಮನೆಯವರು ಒಪ್ಪಲಿಲ್ಲ. ಸ್ವಲ್ಪ ಕಾಲ ಪತ್ರವನ್ನೂ ಬರೆಯದೆ ದೂರವಿದ್ದು ನೋಡಿ ಎಂದರಂತೆ ಗಾಂಧೀಜಿ. ದೂರವಿದ್ದ ಮೇಲೂ ಇಬ್ಬರ ಮನಸ್ಸು ಬದಲಾಗಲಿಲ್ಲ. 1940ರಲ್ಲಿ ಗಾಂಧೀಜಿಯ ಆಶೀರ್ವಾದದೊಂದಿಗೆ ಮದುವೆಯಾಯಿತು. ಪುಣೆಯ ಸಭೆಯಲ್ಲಿ ಮಹಾರಾಣಿಯರು ವಿಧವೆಯರ ಓದಿನ ಬಗ್ಗೆ ಏನೆಲ್ಲ ಹೇಳಿದ್ದಿರಬಹುದೋ, ಮಧುರೈ ಸೀಮೆಯ ಜನ ಅದನ್ನು ಕಣ್ಣಾರೆ ಕಂಡದ್ದು ಈ ಡಾಕ್ಟರಮ್ಮನಲ್ಲಿ.

1944ರ ಫೆಬ್ರವರಿ 22ರಂದು ಆಗಾ ಖಾನ್ ಅರಮನೆಯ ಸೆರೆಯಲ್ಲಿ ಕಸ್ತೂರಬಾ ತೀರಿಕೊಂಡರು. ಅವರ ನೆನಪಿಗೆ ದೇಶ ಕೂಡಿಸಿದ ನಿಧಿ ಒಂದು ಕೋಟಿ ರೂಪಾಯಿ ದಾಟಿತು. ಹಣವೆಲ್ಲ ಹಳ್ಳಿಯ ಹೆಂಗಸರಿಗೆ, ಮಕ್ಕಳಿಗೆ ಹೋಗಬೇಕು, ಕೆಲಸ ಮಾಡುವವರೂ ಹೆಂಗಸರೇ ಆಗಬೇಕು ಎಂಬುದು ಗಾಂಧೀಜಿಯ ಹಟ. ಆದರೆ ಹಳ್ಳಿಯಲ್ಲಿ ನಿಂತು ಕೆಲಸ ಮಾಡಬಲ್ಲ ಹೆಂಗಸರು ಸಿದ್ಧರಿರಲಿಲ್ಲ, ಸಿದ್ಧಪಡಿಸಬೇಕಿತ್ತು. ತಮಿಳುನಾಡಿಗೆ ಈ ನಿಧಿಯ ಪ್ರತಿನಿಧಿ ಸೌಂದರಂ. ಮೈಸೂರು ಸಂಸ್ಥಾನದಲ್ಲಿ ಇದೇ ಹೊಣೆ ಹೊತ್ತವರು ಯಶೋಧರಮ್ಮ ದಾಸಪ್ಪ. ಅರಸೀಕೆರೆಯ ಕಸ್ತೂರಬಾ ಕೇಂದ್ರ ಅವರ ಶ್ರಮದ ಫಲ. ಮುಂದೆ ನಿಜಲಿಂಗಪ್ಪನವರ ಸಂಪುಟದಲ್ಲಿ ಸಚಿವೆಯಾಗಿ, ಪಾನನಿಷೇಧ ತೆಗೆದುಹಾಕಿದ್ದಕ್ಕೆ ಕುರ್ಚಿ ಬಿಟ್ಟುಬಂದ ಹೆಣ್ಣು ಆಕೆ. ಅರಸೀಕೆರೆಯಲ್ಲೂ ಮಧುರೈ ಸೀಮೆಯಲ್ಲೂ ಪಾಠಪಟ್ಟಿ ಹೆಚ್ಚುಕಡಿಮೆ ಒಂದೇ: ಹೆರಿಗೆ, ಬಾಲವಾಡಿ, ನೂಲುವುದು, ನೈರ್ಮಲ್ಯ, ಅಕ್ಷರ. ಕಲಿಯಲು ಬಂದವರಲ್ಲಿ ವಿಧವೆಯರು, ಗಂಡ ಬಿಟ್ಟವರು, ಬಡಮನೆಯ ಹುಡುಗಿಯರು ಇದ್ದರು. ಕಲಿತವರನ್ನು ಗ್ರಾಮಸೇವಿಕೆ ಎಂದು ಹಳ್ಳಿಗೆ ಕಳಿಸುತ್ತಿದ್ದರು. ಒಬ್ಬಂಟಿ ಹೆಂಗಸು ಗೊತ್ತಿಲ್ಲದ ಊರಿಗೆ ಹೋಗಿ ಮನೆ ಹಿಡಿದು ಬಾಳುವುದು ಆಗ ಸಣ್ಣ ಸಾಹಸವಲ್ಲ. ಮಹಿಳಾ ನಾಯಕತ್ವ ಎಂಬ ಹೆಸರು ಯಾರೂ ಇಡದಿದ್ದರೂ ಕೆಲಸ ಅದೇ.

1947ರ ಅಕ್ಟೋಬರ್ 7ರಂದು, ಸ್ವಾತಂತ್ರ್ಯ ಬಂದು ಎರಡು ತಿಂಗಳೂ ತುಂಬಿರಲಿಲ್ಲ, ಸೌಂದರಂ ಮತ್ತು ರಾಮಚಂದ್ರನ್ ಗಾಂಧಿಗ್ರಾಮವನ್ನು ಕಟ್ಟತೊಡಗಿದರು. ಜಾಗ ದಿಂಡಿಗಲ್–ಮಧುರೈ ದಾರಿಯಲ್ಲಿ ಸಿರುಮಲೈ ಬೆಟ್ಟದ ಬುಡ. ಪಕ್ಕದಲ್ಲೇ ಅಂಬಾತುರೈ ರೈಲು ನಿಲ್ದಾಣ, ಮತ್ತೊಂದು ಕಡೆ ಸುಂಗುಡಿ ಸೀರೆಗೆ ಹೆಸರಾದ ನೇಕಾರರ ಊರು ಚಿನ್ನಾಳಪಟ್ಟಿ. ಮೊದಲು ತೆರೆದದ್ದು ಹೆರಿಗೆ, ಮಕ್ಕಳ ಚಿಕಿತ್ಸೆಗಾಗಿ ಒಂದು ಪುಟ್ಟ ಆಸ್ಪತ್ರೆ. ಅದೇ ಇಂದಿನ ಕಸ್ತೂರಬಾ ಆಸ್ಪತ್ರೆ. ಶಾಲೆಗಿಂತ ಮುಂಚೆ ಆಸ್ಪತ್ರೆ ಏಕೆ ಎಂಬುದಕ್ಕೆ ಸೌಂದರಂ ವೈದ್ಯೆ ಎಂಬುದಷ್ಟೇ ಕಾರಣವಾಗಿರಲಾರದು. ಹಳ್ಳಿಮನೆಯ ಅತ್ತೆ ಅಪರಿಚಿತ ಹೆಂಗಸಿಗೆ ಬಾಗಿಲು ತೆರೆಯುವುದು ಹೆರಿಗೆಯ ರಾತ್ರಿ. ಒಮ್ಮೆ ಬಾಗಿಲು ತೆರೆದ ಮನೆಯಲ್ಲಿ ಸೊಸೆಯ ಆರೈಕೆ, ಮಗುವಿನ ಬಾಲವಾಡಿ, ಮಗಳ ಓದು ಎಂದು ಒಂದೊಂದೇ ಮಾತು ತೆಗೆಯಬಹುದು. ಬೇರೆಲ್ಲ ಸುಧಾರಕರಿಗಿಂತ ದಾದಿಗೆ ಸಲೀಸಾಗಿ ದಕ್ಕುವ ದಾರಿ ಇದು.

ಆಸ್ಪತ್ರೆಯ ಸುತ್ತ ಶಾಲೆ, ಉಪಾಧ್ಯಾಯರ ತರಬೇತಿ, ದಿಕ್ಕಿಲ್ಲದ ಮಕ್ಕಳ ಮನೆ, ಖಾದಿ, ಎಣ್ಣೆ ಗಾಣ ಎಲ್ಲ ಬೆಳೆದವು. ಕೈಕೆಲಸದ ಮೂಲಕ ಓದು ಕಲಿಸುವ ಗಾಂಧೀಜಿಯ ನಯೀ ತಾಲೀಮ್ ದೇಶದ ಬಹಳಷ್ಟು ಕಡೆ ಎರಡು ಚುನಾವಣೆ ಕಳೆಯುವಷ್ಟರಲ್ಲಿ ಸೊರಗಿತು, ಇಲ್ಲಿ ಸ್ವಲ್ಪ ಗಟ್ಟಿಯಾಗಿ ನಿಂತಿತು. 1956ರಲ್ಲಿ ಗ್ರಾಮೀಣ ಉನ್ನತ ಶಿಕ್ಷಣ ಸಂಸ್ಥೆ ಶುರುವಾಯಿತು. 1976ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು. ಗೌರವಾನ್ವಿತ ಅತಿಥಿಗಳೂ ಬರುತ್ತಿದ್ದರು. 1959ರ ಫೆಬ್ರವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾರತ ಪ್ರವಾಸಕ್ಕೆ ಬಂದಾಗ ಹೆಂಡತಿ ಕೊರೆಟ್ಟಾ ಜತೆ ಗಾಂಧಿಗ್ರಾಮಕ್ಕೂ ಬಂದು ಹೋದರು. ಅವರ ಭೇಟಿಯ ಸಂಗತಿ ಈಗಲೂ ಅಲ್ಲಿಯವರಿಗೆ ಹೆಮ್ಮೆ. ಆದರೆ ಆ ಅತಿಥಿಗಳ ಪಟ್ಟಿಯಿಂದ ಈ ಸಂಸ್ಥೆಯನ್ನು ಅಳೆದರೆ ತಪ್ಪಾಗುತ್ತದೆ. ಅಳೆಯಬೇಕಾದದ್ದು ಸೌಂದರಂ ಬೆಳೆಸಿದ ಹುಡುಗಿಯರಿಂದ.

ಅವರಲ್ಲಿ ಒಬ್ಬಳ ಹೆಸರು ಕೃಷ್ಣಮ್ಮಾಳ್. ಹುಟ್ಟಿದ್ದು 1926ರಲ್ಲಿ, ದಿಂಡಿಗಲ್ ಕಡೆಯ ಅಯ್ಯಂಕೋಟ್ಟೈ ಎಂಬ ಹಳ್ಳಿಯ ದಲಿತ ಕುಟುಂಬದಲ್ಲಿ. ಆತ್ಮಗೌರವ ಸಮ್ಮೇಳನದ ಅಧ್ಯಕ್ಷರ ಊರಾದ ಪಟ್ಟಿವೀರನ್‌ಪಟ್ಟಿ ಅಲ್ಲಿಗೆ ಹತ್ತಿರ. ತಂದೆ ಬೇಗ ತೀರಿಕೊಂಡರು. ಮನೆತುಂಬ ಮಕ್ಕಳು, ತಾಯಿಯ ಕೂಲಿಯೇ ಆಧಾರ. ಹುಡುಗಿಗೆ ಓದುವ ಚಪಲ. ಮಧುರೈನಲ್ಲಿ ಸೌಂದರಂ ಬಡ ಹೆಣ್ಣುಮಕ್ಕಳಿಗಾಗಿ ನಡೆಸುತ್ತಿದ್ದ ಹಾಸ್ಟೆಲ್ ಸೇರಿ ಓದು ಮುಂದುವರಿಸಿದರು, ಪದವೀಧರೆಯಾದರು. ಆಗ ಆ ಜಾತಿಯ ಹೆಣ್ಣುಮಗಳಿಗೆ ಪದವಿ ಎಂದರೆ ಊರಿಗೆ ಊರೇ ನೋಡುವಂಥದ್ದು. ಅಯ್ಯಂಗಾರ್ ಸಾಹುಕಾರನ ಮಗಳು ಮತ್ತು ಕೂಲಿಯವಳ ಮಗಳು ಒಂದೇ ಪಂಕ್ತಿಯಲ್ಲಿ ಕೂತು ಉಂಡದ್ದು ಯಾವ ಸಮ್ಮೇಳನದ ಠರಾವಿಗೂ ಸಮನಲ್ಲವೇ?

ಮುಂದಿನದು ತಮಿಳುನಾಡಿಗೆಲ್ಲ ಗೊತ್ತಿರುವ ಕಥೆ. ಕೃಷ್ಣಮ್ಮಾಳ್ ಗಾಂಧಿವಾದಿ ಶಂಕರಲಿಂಗಂ ಜಗನ್ನಾಥನ್ ಅವರನ್ನು 1950ರಲ್ಲಿ ಮದುವೆಯಾದರು. ಸ್ವತಂತ್ರ ಭಾರತದಲ್ಲೇ ಮದುವೆ ಎಂದು ಇಬ್ಬರೂ ತೀರ್ಮಾನಿಸಿದ್ದರು. ಗಂಡ ಉತ್ತರದಲ್ಲಿ ವಿನೋಬಾ ಜತೆ ಭೂದಾನ ಯಾತ್ರೆಗೆ ಹೋದಾಗ ಹೆಂಡತಿ ಮದರಾಸಿನಲ್ಲಿ ಉಪಾಧ್ಯಾಯಿನಿ ತರಬೇತಿ ಮುಗಿಸಿದರು. 1968ರ ಡಿಸೆಂಬರ್ 25ರಂದು ಪೂರ್ವ ತಂಜಾವೂರಿನ ಕೀಳ್ವೆಣ್ಮಣಿಯಲ್ಲಿ ಕೂಲಿ ಹೆಚ್ಚಿಗೆ ಕೇಳಿದ 44 ದಲಿತರನ್ನು ಗುಡಿಸಲಿನಲ್ಲಿ ಕೂಡಿ ಸುಟ್ಟರು. ಸತ್ತವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಗಂಡಹೆಂಡತಿ ಅಲ್ಲಿಗೇ ಹೋಗಿ ನೆಲೆಸಿದರು. 1981ರಲ್ಲಿ ಲಾಫ್ಟಿ ಎಂಬ ಸಂಸ್ಥೆ ಕಟ್ಟಿ, ಜಮೀನ್ದಾರರಿಂದ ನೆಲ ಕೊಂಡು ಭೂಮಿಯಿಲ್ಲದವರಿಗೆ, ಅದೂ ಹೆಂಗಸರ ಹೆಸರಿಗೆ ಬರೆಸಿಕೊಡುವ ಕೆಲಸ ಹಿಡಿದರು. ಶಾಲೆಯ ಕೋಣೆಯಿಂದ ಗದ್ದೆಗೆ ಹೋದ ಈ ಉಪಾಧ್ಯಾಯಿನಿಗೆ 2008ರಲ್ಲಿ ಗಂಡನ ಜತೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2020ರಲ್ಲಿ ಪದ್ಮಭೂಷಣ ಬಂತು. ಸೌಂದರಂ ಅವರಿಗೆ ಪದ್ಮಭೂಷಣ ಸಿಕ್ಕಿದ್ದು 1962ರಲ್ಲಿ. ಹಾಸ್ಟೆಲ್ ನಡೆಸಿದವರಿಗೆ, ಹಾಸ್ಟೆಲಿನಲ್ಲಿ ಕಲಿತವರಿಗೆ ಒಂದೇ ಪ್ರಶಸ್ತಿ, ನಡುವೆ 58 ವರ್ಷ.

ಸೌಂದರಂ ರಾಜಕೀಯಕ್ಕೂ ಹೋದರು. 1952ರಲ್ಲಿ ಮದರಾಸು ವಿಧಾನಸಭೆಗೆ, 1962ರಲ್ಲಿ ದಿಂಡಿಗಲ್ಲಿನಿಂದ ಲೋಕಸಭೆಗೆ ಗೆದ್ದರು. ಕೇಂದ್ರದಲ್ಲಿ ಶಿಕ್ಷಣ ಖಾತೆಯ ಉಪಸಚಿವೆಯಾದರು. ಅದೇ ಸಮಯದಲ್ಲಿ ಹಳೆಯ ಹಾಸ್ಟೆಲ್ ಗೆಳತಿ ಸುಶೀಲಾ ನಯ್ಯರ್ ಆರೋಗ್ಯ ಸಚಿವೆ. ಲೇಡಿ ಹಾರ್ಡಿಂಜಿನ ಒಂದೇ ಕಾಲದ ಇಬ್ಬರು ವಿದ್ಯಾರ್ಥಿನಿಯರು ದೇಶದ ಶಾಲೆ ಮತ್ತು ಆಸ್ಪತ್ರೆಗಳ ಮೇಜಿನ ಬಳಿ ಕೂತದ್ದು ಸ್ವಾರಸ್ಯದ ಸಂಗತಿ. ಹಳ್ಳಿಗಾಡಿನಲ್ಲಿ ಹೆಣ್ಣುಮಕ್ಕಳ ಓದಿಗೆ ಜನರ ಬೆಂಬಲ ಏಕಿಲ್ಲ ಎಂದು ನೋಡಲು, ಸೌಂದರಂ ಶಿಕ್ಷಣ ಖಾತೆಯಲ್ಲಿದ್ದಾಗಲೇ, 1963ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷ ಮದರಾಸಿನ ಎಂ. ಭಕ್ತವತ್ಸಲಂ. 1967ರಲ್ಲಿ ತಮಿಳುನಾಡಿನಲ್ಲಿ ಕಾಂಗ್ರೆಸ್ ನೆಲ ಕಚ್ಚಿತು, ಅಲ್ಲಿಗೆ ಡಾಕ್ಟರಮ್ಮನ ದೆಹಲಿ ದಿನಗಳೂ ಮುಗಿದವು. ದಿಂಡಿಗಲ್ಲಿನ ಜನ ಅವರನ್ನು ನೆನೆಯುವುದು ಆ ಮಂತ್ರಿಗಿರಿಯಿಂದಲ್ಲ ಎಂಬುದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ.

ಇತ್ತ ಕಂಬಂ ಕಣಿವೆಯಲ್ಲಿ ಕಾಲೇಜುಗಳನ್ನು ಕಟ್ಟಿದವರು ಸರ್ಕಾರಕ್ಕಿಂತ ಹೆಚ್ಚಾಗಿ ಸಮುದಾಯಗಳು. ಉತ್ತಮಪಾಳಯಂನಲ್ಲಿ ರಾವುತ್ತರ್ ಮುಸ್ಲಿಮರು 1956ರಲ್ಲಿ ಹಾಜಿ ಕರುತ್ತ ರಾವುತ್ತರ್ ಹೌದಿಯಾ ಕಾಲೇಜು ತೆರೆದರು. ಪೆರಿಯಕುಳಂನಲ್ಲಿ ಸಂತ ಆನ್ ಸಭೆಯ ಕನ್ಯಾಸ್ತ್ರೀಯರು 1971ರಲ್ಲಿ ಜಯರಾಜ್ ಅನ್ನಪಾಕ್ಯಂ ಮಹಿಳಾ ಕಾಲೇಜು ಶುರು ಮಾಡಿದರು. ತೇನಿಯಲ್ಲಿ ನಾಡಾರ್ ಸಮುದಾಯದ ಸಂಘದ ಸರಸ್ವತಿ ಮಹಿಳಾ ಕಾಲೇಜು. ಕಣಿವೆಯಾಚೆ ಪಳನಿಯಲ್ಲಿ ಮುರುಗನ ದೇವಸ್ಥಾನವೇ ಒಂದು ಮಹಿಳಾ ಕಾಲೇಜು ನಡೆಸುತ್ತಿದೆ. ಭಕ್ತರ ಹುಂಡಿಯ ಹಣ ಹೆಣ್ಣುಮಕ್ಕಳ ಲ್ಯಾಬಿಗೆ ಹೋಗುವುದನ್ನು ಯಾವ ಸುಬ್ರಹ್ಮಣ್ಯನೂ ಬೇಡವೆನ್ನಲಾರ. ಒಕ್ಕಲಿಗರ ಊರಿನಲ್ಲಿ ಆದಿಚುಂಚನಗಿರಿಯ ಹೆಸರು. ಜಾತಿಗೊಂದು ಕಾಲೇಜು ಎಂದು ಮೂಗು ಮುರಿಯುವುದು ಸುಲಭ, ಮುರಿಯಬೇಕಾದ ಕಾರಣಗಳೂ ಇವೆ. ಆದರೆ ಹತ್ತನೆಯ ತರಗತಿ ಆದ ಕೂಡಲೇ ಮದುವೆಯ ಮಾತು ಎತ್ತುತ್ತಿದ್ದ ಅಪ್ಪ, ‘ನಮ್ಮವರದೇ ಕಾಲೇಜು, ಬರೀ ಹೆಣ್ಣುಮಕ್ಕಳು’ ಎಂಬ ಒಂದೇ ಭರವಸೆಯ ಮೇಲೆ ಮಗಳನ್ನು ಇನ್ನು ಮೂರು ವರ್ಷ ಓದಲು ಬಿಡುತ್ತಿದ್ದ. ಜಾತಿಯ ಕೋಟೆಯಲ್ಲಿ ಹೆಣ್ಣಿಗೆ ಒಂದು ಕಿಂಡಿ ಸಿಕ್ಕಿದ್ದು ಜಾತಿಯವರ ದುಡ್ಡಿನಿಂದಲೇ.

ಇವುಗಳಲ್ಲಿ ಹೆಚ್ಚಿನ ಮಹಿಳಾ ಕಾಲೇಜುಗಳು ಬೆಟ್ಟದ ಮೇಲಿನ ಮದರ್ ತೆರೆಸಾ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರಿವೆ. ಎಂ.ಜಿ.ಆರ್. ಸರ್ಕಾರ 1984ರಲ್ಲಿ ಕಾಯ್ದೆ ಮಾಡಿ ಕೊಡೈಕನಾಲಿನಲ್ಲಿ ಅದನ್ನು ಸ್ಥಾಪಿಸಿತು. ಮೊದಲ ಕುಲಪತಿ ಜಯ ಕೋದೈ ಪಿಳ್ಳೈ. ದೇಶದಲ್ಲಿ ಹೆಣ್ಣುಮಕ್ಕಳಿಗೆಂದೇ ಕಟ್ಟಿದ ವಿಶ್ವವಿದ್ಯಾಲಯಗಳಲ್ಲಿ ಮೊದಲನೆಯದು ಮಹರ್ಷಿ ಕರ್ವೆಯವರು 1916ರಲ್ಲಿ ಆರಂಭಿಸಿದ್ದು. ತಿರುಪತಿಯ ಪದ್ಮಾವತಿ ಮಹಿಳಾ ವಿಶ್ವವಿದ್ಯಾಲಯ ಬಂದದ್ದು 1983ರಲ್ಲಿ, ಅದರ ಬೆನ್ನಿಗೇ ಕೊಡೈಕನಾಲಿನದು. ವಿಜಾಪುರದಲ್ಲಿ ನಮ್ಮ ಮಹಿಳಾ ವಿಶ್ವವಿದ್ಯಾಲಯ ತಲೆ ಎತ್ತಲು 2003 ಬರಬೇಕಾಯಿತು, ಅಕ್ಕಮಹಾದೇವಿಯ ಹೆಸರು ಅದಕ್ಕೆ ಸೇರಿದ್ದು ಇನ್ನೂ ಮುಂದೆ. ಸೌಂದರಂ ತೀರಿಕೊಂಡದ್ದೂ ಕೊಡೈಕನಾಲಿನ ವಿಶ್ವವಿದ್ಯಾಲಯ ಹುಟ್ಟಿದ 1984ರಲ್ಲೇ, ಅಕ್ಟೋಬರ್ 21ರಂದು.

ಆ ವಿಶ್ವವಿದ್ಯಾಲಯಕ್ಕೆ ಕೊಡೈಕನಾಲನ್ನು ಆರಿಸಿದ್ದರ ಬಗ್ಗೆ ಮಾತ್ರ ತಕರಾರು ತೆಗೆಯಬಹುದು. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲೆ, ಮಂಜು, ಚಳಿ, ವತ್ತಲಗುಂಡಿನಿಂದ ತಿರುವು ತಿರುವಾಗಿ ಹತ್ತುವ ಘಾಟಿ ರಸ್ತೆ. ಮಧುಚಂದ್ರಕ್ಕೆ ಹೇಳಿ ಮಾಡಿಸಿದ ಊರಿನಲ್ಲಿ ಬಡ ಹೆಣ್ಣುಮಕ್ಕಳ ವಿಶ್ವವಿದ್ಯಾಲಯ! ಸರ್ಟಿಫಿಕೇಟಿನ ಒಂದು ಸಹಿಗೆ ಬಯಲಿನ ಹುಡುಗಿ ಒಂದು ಇಡೀ ದಿನ, ಬಸ್ಸಿನ ಹಣ, ಮನೆಯವರ ಅನುಮತಿ ಮೂರನ್ನೂ ಹೊಂದಿಸಬೇಕು. ಇನ್ನೊಂದು ಕಡೆಯಿಂದ ನೋಡಿದರೆ ಬೆಟ್ಟ ಹತ್ತಿದವಳು ಹಾಸ್ಟೆಲಿನಲ್ಲಿ ಇರಲೇಬೇಕು. ದಿನಾ ಹೋಗಿ ಬರುವ ಮಾತೇ ಇಲ್ಲ. ಅಡುಗೆಮನೆ, ತಮ್ಮಂದಿರ ಬಟ್ಟೆ, ನೆಂಟರ ಉಪಚಾರ ಯಾವುದೂ ಇಲ್ಲದ ಎರಡು ವರ್ಷ ಅನೇಕ ಹುಡುಗಿಯರಿಗೆ ಜೀವನದಲ್ಲಿ ಮೊದಲ ಸಲ ಸಿಕ್ಕಿದ್ದು ಅಲ್ಲಿಯೇ. ಈ ಜಿಲ್ಲೆಗಳ ಕಾಲೇಜುಗಳಲ್ಲಿ ಇಂದು ಪಾಠ ಹೇಳುವ ಹಲವರು ಆ ಮಂಜಿನಲ್ಲೇ ಸಂಶೋಧನೆ ಮುಗಿಸಿದವರು.

ಬಯಲಿನ ಚಿತ್ರ ಅಷ್ಟು ತಂಪಾಗಿರಲಿಲ್ಲ. ದಿಂಡಿಗಲ್ 1985ರಲ್ಲಿ, ತೇನಿ 1996ರಲ್ಲಿ ಮಧುರೈನಿಂದ ಬೇರ್ಪಟ್ಟು ಜಿಲ್ಲೆಗಳಾದವು. ಹುಟ್ಟಿದ ಹೆಣ್ಣುಕೂಸಿನ ಬಾಯಿಗೆ ವಿಷದ ಹಾಲು ಬಿಡುವ ಪಿಡುಗು 1980ರ ದಶಕದಲ್ಲಿ ಪಕ್ಕದ ಉಸಿಲಂಪಟ್ಟಿಯಿಂದ ದೇಶಕ್ಕೆಲ್ಲ ಗೊತ್ತಾಗಿತ್ತು. ಬೇಡದ ಹೆಣ್ಣುಮಗುವನ್ನು ಸರ್ಕಾರದ ತೊಟ್ಟಿಲಲ್ಲಿ ಬಿಟ್ಟುಹೋಗಿ ಎನ್ನುವ ಯೋಜನೆ 1992ರಲ್ಲಿ ಸೇಲಂನಲ್ಲಿ ಶುರುವಾಗಿ, 2001ರಲ್ಲಿ ಮಧುರೈ, ತೇನಿ, ದಿಂಡಿಗಲ್ಲಿಗೂ ಬಂತು. ಪೆರಿಯಕುಳಂನಲ್ಲಿ ಹೆಣ್ಣುಮಕ್ಕಳ ಕಾಲೇಜಿಗೆ ಮೂವತ್ತು ವರ್ಷ ತುಂಬಿದಾಗ ಅದೇ ಜಿಲ್ಲೆಯಲ್ಲಿ ಆ ತೊಟ್ಟಿಲೂ ಬೇಕಾಗಿತ್ತು. ಓದು ಹೆಚ್ಚಿದರೆ ಎಲ್ಲ ಸರಿಹೋಗುತ್ತದೆ ಎಂದು ಮೈಕಿನಲ್ಲಿ ಹೇಳುವವರು ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡುವುದು ಒಳ್ಳೆಯದು.

ಗಾಂಧಿಗ್ರಾಮದ ವಿಶ್ವವಿದ್ಯಾಲಯಕ್ಕೂ ಮುಂದೆ ಜಿ. ಪಂಕಜಂ ಎಂಬ ಮಹಿಳೆ ಕುಲಪತಿಯಾದರು. ಅಲ್ಲಿನ ತರಬೇತಿಯ ವಿಷಯಗಳೂ ಕಾಲಕ್ಕೆ ತಕ್ಕಂತೆ ಬದಲಾಗಿವೆ. ನೂಲುವ ಚರಕದ ಜಾಗಕ್ಕೆ ಸ್ವಸಹಾಯ ಗುಂಪಿನ ಲೆಕ್ಕಪತ್ರ, ಪಂಚಾಯತಿಯ ಆಯವ್ಯಯ ಬಂದಿವೆ. ತಮಿಳುನಾಡು 2016ರಲ್ಲಿ ಸ್ಥಳೀಯ ಸಂಸ್ಥೆಗಳ ಅರ್ಧ ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟಿತು. ಅಂದರೆ ಅಧ್ಯಕ್ಷೆಯ ಕುರ್ಚಿ ಈಗ ಹಳ್ಳಿಯಲ್ಲೇ ಇದೆ. ಕುರ್ಚಿಯ ಹಿಂದೆ ನಿಂತು ಫೈಲು ತಿರುವುವ ‘ಅಧ್ಯಕ್ಷೆಯ ಗಂಡ’ ಕರ್ನಾಟಕದಲ್ಲಿ ಇರುವಂತೆ ಅಲ್ಲಿಯೂ ಇದ್ದಾನೆ. ನಮ್ಮಲ್ಲಿ 1989ರಲ್ಲಿ ಶುರುವಾದ ಮಹಿಳಾ ಸಮಾಖ್ಯ ಯೋಜನೆ ಈ ಗಂಡನನ್ನು ಬಾಗಿಲಾಚೆ ಕೂರಿಸುವ ಉಪಾಯವನ್ನು ಸಂಘದ ರಾತ್ರಿ ಸಭೆಗಳಲ್ಲೇ ಕಂಡುಕೊಂಡಿತು. ಅಲ್ಲಿಯೂ ವೇದಿಕೆ ಇರಲಿಲ್ಲ, ಚಾಪೆ ಇತ್ತು.

ಇನ್ನೂ ಚಾಪೆಗೂ ಬಾರದವರು ಇದ್ದಾರೆ. ಕಂಬಂ ಮೆಟ್ಟು, ಬೋಡಿ ಮೆಟ್ಟು, ಕುಮಿಳಿ ದಾರಿಗಳಲ್ಲಿ ಬೆಳಗಿನ ಜಾವಕ್ಕೇ ಜೀಪುಗಳು ಏರುತ್ತವೆ. ಒಳಗೆ ಬುತ್ತಿ ಕಟ್ಟಿಕೊಂಡ ಹೆಂಗಸರು ಒತ್ತೊತ್ತಾಗಿ ಕೂತಿರುತ್ತಾರೆ. ಇಡುಕ್ಕಿಯ ಏಲಕ್ಕಿ ತೋಟಗಳಲ್ಲಿ ದಿನದ ಕೆಲಸ ಮುಗಿಸಿ ಕತ್ತಲಾಗುವ ಹೊತ್ತಿಗೆ ಇಳಿಯುತ್ತಾರೆ. ವಾರದ ದಿನ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನಡೆಯುವ ಯಾವ ವಿಚಾರ ಸಂಕಿರಣಕ್ಕೂ ಇವರು ಬರಲಾರರು. ಸಭಾಂಗಣದಲ್ಲಿ ಅವರ ಮಗಳೋ ಸೊಸೆಯೋ ಹಿಂದಿನ ಸಾಲಿನಲ್ಲಿ ನೋಟ್ಸ್ ಬರೆದುಕೊಳ್ಳುತ್ತಿರಬಹುದು. ಎಷ್ಟೋ ಮನೆಗಳಲ್ಲಿ ಆ ಹುಡುಗಿಯ ಕಾಲೇಜಿನ ಫೀಸು ಬರುವುದು ಆ ತೋಟದ ಕೂಲಿಯಿಂದಲೇ.